ಹಿತ್ತಲ ಕೋಣೆಗೊಂದು ಉಣ್ಣೆಯ ಹಾಸು

ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುವಾಗ ನೆಲಕ್ಕೆ ಟೈಲ್ಸೇ ಆಗಬೇಕು ಎಂದು ಹಠ ಹಿಡಿದವರು ನನ್ನ ಗಂಡ. ಕಂಪಲಾಪುರದ ಸುತ್ತಮುತ್ತ ಹೊಗೆಸೊಪ್ಪು ಬೆಳೆದು ಕೊಂಚ ಮೇಲೆ ಬಂದವರ ಮನೆಗಳೆಲ್ಲ ಆಗ ಕನ್ನಡಿಯ ಹಾಗೆ ಹೊಳೆಯತೊಡಗಿದ್ದವು. ನಮ್ಮದೂ ಹೊಳೆಯಿತು. ಅದನ್ನು ದಿನಾ ಒರೆಸುವವರು ಯಾರು, ಅದರ ಮೇಲೆ ಜಾರುವವರು ಯಾರು ಎಂದು ಯಾರೂ ಕೇಳಲಿಲ್ಲ. ಧನುರ್ಮಾಸದಲ್ಲಿ ಬೆಳಿಗ್ಗೆ ಎದ್ದು ಬರಿಗಾಲಿಟ್ಟರೆ ನೆತ್ತಿಯವರೆಗೂ ಚಳಿ ಹತ್ತುತ್ತಿತ್ತು. ಮನೆ ಕಟ್ಟಿಸುವುದು ಗಂಡಸರ ಕೆಲಸವಂತೆ. ಕಟ್ಟಿಸಿದ ಮನೆಯೊಳಗೆ ಕಾಲಿಡುವ ಹಾಗೆ ಮಾಡುವುದು ನಮ್ಮದು. ಹೀಗೆ, ಯಾವ ಕೋಣೆಗೆ ಏನು ಹಾಸಬೇಕು ಎಂಬ ತಲೆನೋವು ನನ್ನ ಪಾಲಿಗೆ ಬಂತು.

ನಾನು ಕೆ.ಆರ್. ನಗರದ ಕಡೆಯವಳು, ನಾಲೆ ನೀರಿನ ಊರಿನವಳು. ತವರಿನಲ್ಲಿ ನಮಗೆ ಇದ್ದದ್ದು ದಿನಕ್ಕೆ ಚಾಪೆ, ನೆಂಟರು ಬಂದಾಗ ಜಮಖಾನ. ಎರಡೇ ಇದ್ದುದರಿಂದ ಆರಿಸುವ ಕಷ್ಟವೇ ಇರಲಿಲ್ಲ. ಇಲ್ಲಿ ಹುಣಸೂರಿಗೆ ಹೋಗಿ ಹಾಲ್‌ಗೆಂದು ಕೆಂಪು ಅಂಚಿನ ದೊಡ್ಡ ಜಮಖಾನ ತಂದೆ. ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಸೊಪ್ಪಿನ ಕಾಲ ಬಂತು. ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಒಣಗಿಸುವ ಗೂಡಿನಲ್ಲಿ, ಶಾಖಕ್ಕೆ ಬೇಯಿಸಿದ್ದನ್ನು ನಮ್ಮ ಮನೆಗಳಲ್ಲಿ ಹಾಲ್‌ನಲ್ಲೇ ಸುರಿದು, ಏಳೆಂಟು ಹೆಂಗಸರು ಸುತ್ತ ಕೂತು ಬಣ್ಣ ನೋಡಿ ವಿಂಗಡಿಸುತ್ತೇವೆ. ಜಮಖಾನ ಸುತ್ತಿ ಮೂಲೆಗಿಟ್ಟೆ. ಮೂಲೆಯಲ್ಲಿದ್ದೇ ಅದು ಹೊಗೆಸೊಪ್ಪಿನ ಘಾಟನ್ನೆಲ್ಲ ಕುಡಿಯಿತು. ಯುಗಾದಿಗೆ ಬಂದ ನೆಂಟರು ಅದರ ಮೇಲೆ ಕೂತು ಊಟ ಮುಗಿಯುವವರೆಗೂ ಸೀನಿದರು. ಅಂದಿನಿಂದ ಹಾಲ್‌ಗೆ ಪ್ಲಾಸ್ಟಿಕ್ ಚಾಪೆ, ನೋಡಲು ದರಿದ್ರವಾದರೂ ಕೊಡವಿದರೆ ಮುಗಿಯಿತು.

ಅಡುಗೆಮನೆ ಬಾಗಿಲಿಗೆ ತೆಂಗಿನ ನಾರಿನದು ಹಾಕಿದೆ, ಅದಕ್ಕೆ ನನ್ನ ಕಾಲುಂಗುರ ಸಿಕ್ಕಿಕೊಂಡು ಒಂದು ದಿನ ಸಾರಿನ ಪಾತ್ರೆಯ ಸಮೇತ ಬಿದ್ದೆ. ದೇವರ ಕೋಣೆಗೆ ಕಾಲಲ್ಲಿ ತುಳಿಯುವ ಯಾವುದೂ ಬರಕೂಡದು ಎಂದು ಅತ್ತೆ ಅಡ್ಡ ನಿಂತರು. ಬಚ್ಚಲ ಬಾಗಿಲಿಗೆಂದು ತಂದ ರಬ್ಬರ್ ತಳದ ಮೆತ್ತನೆ ಕಾಲೊರೆಸನ್ನು ಅದೇ ಅತ್ತೆ ಹಾಲ್‌ನ ತಮ್ಮ ಮಂಚಕ್ಕೆ ಎತ್ತಿಕೊಂಡು ಹೋಗಿ ಬೆನ್ನಿಗೆ ಇಟ್ಟುಕೊಂಡರು. ಕೇಳಿದರೆ, "ಮೆತ್ತಗೈತೆ ಕಣವ್ವ, ಬೆನ್ಗೆ ಇತವಾಯ್ತದೆ. ನೀನು ಇನ್ನೊಂದು ತತ್ತಾ" ಎಂದರು. ನಾನು ಇನ್ನೊಂದು ತಂದೆ. ಎಂಬತ್ತು ದಾಟಿದ ಮುದುಕಿಯ ಜೊತೆ ಕಾಲೊರೆಸಿಗೆ ಜಗಳವಾಡುವಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಇಷ್ಟು ಕೋಣೆಗಳ ಲೆಕ್ಕ ಮುಗಿಯಿತು ಅಂದುಕೊಂಡಿದ್ದೆ. ಹಿತ್ತಲ ಕೋಣೆ ಉಳಿದಿತ್ತು.

ಹಳೆಯ ಮನೆಯನ್ನು ಪೂರ್ತಿ ಕೆಡವಿದರೂ ಆ ಒಂದು ಕೋಣೆಯನ್ನು ಮಾತ್ರ ಅತ್ತೆ ಕೆಡವಗೊಡಲಿಲ್ಲ. ಶೀಟಿನ ಮಾಡು, ಸಿಮೆಂಟಿನ ನೆಲ, ಕಿಟಕಿಯಿಲ್ಲ. ಅರ್ಧ ಭಾಗದಲ್ಲಿ ಸೊಪ್ಪು ಕಟ್ಟುವ ಕಡ್ಡಿಗಳ ರಾಶಿ, ಇನ್ನರ್ಧ ಮನೆಯ ಹೆಂಗಸರು ಮುಟ್ಟಾದಾಗ ಮೂರು ದಿನ ಕೂರುವುದಕ್ಕೆ. ಮದುವೆಯಾಗಿ ಬಂದ ತಿಂಗಳಿನಿಂದ ಮೂವತ್ತು ವರ್ಷ ನಾನು ಅಲ್ಲಿ ಕೂತಿದ್ದೇನೆ. ಹಾಸಿಗೆ ಗೋಣಿಚೀಲ, ಚಳಿಗಾಲದಲ್ಲಿ ಎರಡು ಗೋಣಿಚೀಲ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಳ್ಳುವ ಮೊದಲು ಆ ಚೀಲಗಳನ್ನು ಒಗೆದು ಬೇಲಿಗೆ ಹರವಬೇಕು. ನೀರು ಕುಡಿದ ಗೋಣಿ ಎಷ್ಟು ಭಾರ ಎಂದು ಒಗೆದವರಿಗೆ ಗೊತ್ತು. ಕೊನೆಗೆ ಮುಟ್ಟು ನಿಂತಾಗ ನನಗಾದಷ್ಟು ಸಂತೋಷ ಮಗ ಹುಟ್ಟಿದಾಗಲೂ ಆಗಿರಲಿಲ್ಲ. ಇದನ್ನು ಯಾರಿಗೂ ಹೇಳಿಲ್ಲ, ಈಗ ಬರೆಯುತ್ತಿದ್ದೇನೆ.

ಮಗನಿಗೆ ಎಚ್.ಡಿ. ಕೋಟೆ ತಾಲೂಕಿನ ಅಂತರಸಂತೆ ಕಡೆಯಿಂದ ಹೆಣ್ಣು ತಂದೆವು. ಹುಡುಗಿ ಓದಿದವಳು, ಪಿರಿಯಾಪಟ್ಟಣದ ಒಂದು ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಶಾಲೆಗೆ ಹೋಗಿ ನಲವತ್ತು ಮಕ್ಕಳ ಮೂಗು ಒರೆಸಿ, ಕೈ ಹಿಡಿದು ಬರೆಸಿ, ಸಂಜೆ ಮನೆಗೆ ಬಂದು, ಆ ಮೂರು ದಿನ ಮಾತ್ರ ಹಿಂದಿನಿಂದ ಸುತ್ತಿಕೊಂಡು ಹಿತ್ತಲ ಕೋಣೆ ಸೇರಬೇಕು. ಸೇರಿದಳು. ಗೋಣಿಚೀಲದ ಮೇಲೆ ಕೂತು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ನಾನು ತಟ್ಟೆ ತಂದು ಬಾಗಿಲಲ್ಲಿಟ್ಟು ಬರುತ್ತಿದ್ದೆ, ನನಗೆ ಅತ್ತೆ ತಂದಿಟ್ಟ ಹಾಗೆಯೇ. ಗಂಡಸರಿಬ್ಬರೂ ಅದು ಹೆಂಗಸರ ವಿಷಯ ಎಂದು ಆ ಕಡೆಗೇ ತಿರುಗುತ್ತಿರಲಿಲ್ಲ.

ಮದುವೆಯಾಗಿ ವರ್ಷ ಕಳೆದ ಮೇಲೆ ಒಂದು ದಿನ ಬಟ್ಟೆ ಹರವುತ್ತಿದ್ದಾಗ ಅವಳು ಮೆಲ್ಲಗೆ ಹೇಳಿದಳು. "ಅತ್ತೆ, ಬೇಜಾರು ಮಾಡ್ಕೋಬೇಡಿ. ಪಿರಿಯಾಪಟ್ಟಣದಲ್ಲೇ ಒಂದು ಬಾಡಿಗೆ ಮನೆ ನೋಡ್ತಾ ಇದ್ದೀವಿ. ನಿಮ್ಮೇಲೆ ಕೋಪ ಇಲ್ಲ. ಆ ರೂಮಲ್ಲಿ ನಂಗೆ ಆಗ್ತಾ ಇಲ್ಲ."

ನಮ್ಮ ಮನೆಯಲ್ಲಿ ನಾನು ಉಂಡೆನೋ ಇಲ್ಲವೋ ಎಂದು ಕೇಳುವವಳು ಅವಳೊಬ್ಬಳು. ಅವಳು ಹೋದರೆ ಉಳಿಯುವುದು ಹೊಲದ ಮಾತು ಬಿಟ್ಟು ಬೇರೆ ಆಡದ ಗಂಡ, ಟಿವಿ ಮುಂದಿನ ಅತ್ತೆ, ಮತ್ತು ಒರೆಸಲು ಅಷ್ಟುದ್ದ ನೆಲ. ಅವಳನ್ನು ಉಳಿಸಿಕೊಳ್ಳಬೇಕಿದ್ದರೆ ನಾನು ಮಾಡಬೇಕಾದದ್ದು ಒಂದೇ: ಅತ್ತೆಯ ಮುಂದೆ ನಿಂತು, ಈ ಪದ್ಧತಿ ಇನ್ನು ಸಾಕು ಎನ್ನಬೇಕಿತ್ತು. ಮೂರು ದಿನ ಮನಸ್ಸಿನಲ್ಲೇ ಮಾತು ಜೋಡಿಸಿದೆ. ಬಾಯಿಗೆ ಬರಲಿಲ್ಲ. ನಾಲ್ಕನೆಯ ದಿನ, ಕೈಲಾಗದವಳು ಮೈ ಪರಚಿಕೊಂಡ ಹಾಗೆ, ಬಸ್ಸು ಹತ್ತಿ ಕೊಪ್ಪಕ್ಕೆ ಹೋದೆ. ಆ ಕೋಣೆಗೆ ಒಳ್ಳೆಯದೊಂದು ಹಾಸು ತಂದುಬಿಡೋಣ, ಹುಡುಗಿಗೆ ಮೆತ್ತಗಾದರೆ ನಿಂತಾಳು ಎಂಬುದು ನನ್ನ ಬುದ್ಧಿ.

ಅಲ್ಲೇ ಹತ್ತಿರದ ಕ್ಯಾಂಪಿನಲ್ಲಿ ನೆಲೆಸಿದ ಟಿಬೆಟಿನವರ ಕಾರ್ಪೆಟ್ ಅಂಗಡಿಯೊಂದಕ್ಕೆ ಹೊಕ್ಕೆ. ನನ್ನ ವಯಸ್ಸಿನ ಹೆಂಗಸು ಅಂಗಡಿಯಲ್ಲಿದ್ದಳು. ಕನ್ನಡ ನಮ್ಮಷ್ಟೇ ಸಲೀಸು.

"ಯಾವ ರೂಮಿಗೆ ಅಕ್ಕಾ? ಹಾಲಿಗಾ, ಮಲಗೋ ರೂಮಿಗಾ?"

"ಒಂದು ಸಣ್ಣ ರೂಮಿಗೆ."

"ಸಣ್ಣ ರೂಮಿಗೆ ತಿಳಿ ಬಣ್ಣ ತಗೊಳ್ಳಿ, ಜಾಗ ದೊಡ್ಡದಾಗಿ ಕಾಣುತ್ತೆ. ಗೋಡೆಗೆ ಮುಟ್ಟಿಸಬೇಡಿ, ಸುತ್ತ ಒಂದು ಗೇಣು ನೆಲ ಬಿಡಿ. ಕಿಟಕಿ ಯಾವ ಕಡೆ ಇದೆ?"

"ಕಿಟಕಿ ಇಲ್ಲ."

ಅವಳು ನನ್ನ ಮುಖ ನೋಡಿದಳು. ನನಗೆ ನಾಚಿಕೆಯಾಗಿ, ಎದುರಿಗಿದ್ದ ಕೇಸರಿ ಬಣ್ಣದ ದೊಡ್ಡ ಕಾರ್ಪೆಟ್ಟಿನ ಹೂವುಗಳನ್ನು ಎಣಿಸುತ್ತ ನಿಂತೆ.

ನನಗೆ ಬೇಕಿದ್ದದ್ದು ಉಣ್ಣೆಯದು, ಅದೂ ಅಪ್ಪಟ ಉಣ್ಣೆ. ಅದಕ್ಕೊಂದು ಕಾರಣವಿತ್ತು. ನೂಲಿನದಕ್ಕೆ ಮೈಲಿಗೆ ಹತ್ತುತ್ತದೆ, ಉಣ್ಣೆಗೆ ಹತ್ತುವುದಿಲ್ಲ ಎನ್ನುವುದು ನಮ್ಮ ಹಿರಿಯರ ಮಾತು. ಹಾಗಾಗಿ ಉಣ್ಣೆಯ ಹಾಸಾದರೆ ಹುಡುಗಿ ನಾಲ್ಕನೆಯ ದಿನ ಅದನ್ನು ಒಗೆಯುವ ಹಾಗಿಲ್ಲ. ಸೊಂಟ ಉಳಿಯಿತು. ಇಷ್ಟು ಹೊಳೆದದ್ದಕ್ಕೆ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಅಂಗಡಿಯವಳು ತಿಳಿ ಹಸಿರು ಬಣ್ಣದ್ದೊಂದನ್ನು ಹರವಿ, ಅಡಿಯಿಂದ ಒಂದು ಎಳೆ ಕಿತ್ತು, ಬೆಂಕಿಕಡ್ಡಿ ಗೀರಿ ಸುಟ್ಟು ಮೂಗಿಗೆ ಹಿಡಿದಳು. ಕೂದಲು ಸುಟ್ಟ ವಾಸನೆ. ಉಣ್ಣೆಯೇ. ಸುತ್ತಿಸಿಕೊಂಡು, ಹೆಗಲ ಮೇಲೆ ಹೊತ್ತು, ಬಸ್ಸಿನಲ್ಲಿ ಕಂಡಕ್ಟರನ ಗೊಣಗಾಟ ಕೇಳಿಸಿಕೊಂಡು ಊರು ಸೇರಿದೆ.

ಹಿತ್ತಲ ಕೋಣೆ ಗುಡಿಸಿ, ಕಡ್ಡಿಗಳನ್ನು ಇನ್ನಷ್ಟು ಒತ್ತರಿಸಿ, ಅಂಗಡಿಯವಳು ಹೇಳಿದಂತೆ ಸುತ್ತ ಗೇಣು ಬಿಟ್ಟು ಹಾಸಿದೆ. ಆ ಕೋಣೆಯಲ್ಲಿ ಅದು ಹರಕು ಪಂಚೆಗೆ ಜರಿ ಅಂಚು ಹೊಲಿದ ಹಾಗಿತ್ತು. ಆದರೂ ತೃಪ್ತಿಯಾಯಿತು.

ಮುಂದಿನ ಸಲ ಸೊಸೆ ಮುಟ್ಟಾದ ದಿನ ಸಂಜೆ ಶಾಲೆಯಿಂದ ಬಂದು ಬಾಗಿಲು ತೆಗೆದವಳು ಅಲ್ಲೇ ನಿಂತಳು. ಹಿಂದೆ ನಾನು ಕಾಫಿ ಹಿಡಿದು ನಿಂತಿದ್ದೆ.

"ಇಷ್ಟು ಚೆನ್ನಾಗಿರೋದು ಇಲ್ಲಿಗ್ಯಾಕೆ ತಂದ್ರಿ ಅತ್ತೆ?"

"ನಿಂಗೇ ಕಣವ್ವ. ಉಣ್ಣೇದು. ಒಗೆಯಂಗಿಲ್ಲ, ಉಣ್ಣೆಗೆ ಮೈಲ್ಗೆ ಇಲ್ಲ."

ಅವಳು ಚಪ್ಪಲಿ ಬಿಟ್ಟು, ಕಾಲಿನಿಂದ ಒಮ್ಮೆ ಒತ್ತಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಮಕ್ಕಳಿಗೆ ಕೂಡುವ ಲೆಕ್ಕ ಹೇಳಿಕೊಡುವ ದನಿಯಲ್ಲಿ ಕೇಳಿದಳು. "ಉಣ್ಣೆಗೆ ಮೈಲಿಗೆ ಇಲ್ಲ ಅಂದ್ಮೇಲೆ ಇದು ಎಲ್ಲಿದ್ರೇನತ್ತೆ? ಇದರ ಮೇಲೆ ಕೂತೋರು ಎಲ್ಲಿ ಕೂತ್ರೇನು?"

ಒಗೆಯುವ ಕಲ್ಲಿನವರೆಗೆ ಬಂದ ನನ್ನ ಬುದ್ಧಿ ಅಲ್ಲಿಂದ ಮನೆಯ ಹೊಸ್ತಿಲಿಗೆ ಬಂದೇ ಇರಲಿಲ್ಲ. ನಾನು ಬಾಯಿ ಬಿಡುವಷ್ಟರಲ್ಲಿ ಅವಳು ಕಾರ್ಪೆಟ್ ಸುತ್ತಿ ಕಂಕುಳಿಗೆ ಏರಿಸಿ ಹಿಂಬಾಗಿಲಿನಿಂದ ಒಳಗೆ ನಡೆದಾಗಿತ್ತು. ನಾನು ಚಾಪೆ ಕೆಳಗೆ ತೂರಿದರೆ ಈ ಹುಡುಗಿ ರಂಗೋಲಿ ಕೆಳಗೆ ತೂರುವವಳು. ನಾನು ಕಾಫಿ ಲೋಟ ಹಿಡಿದು ಹಿಂದೆ ಓಡಿದೆ.

ಸೊಪ್ಪಿನ ಕಾಲ ಮುಗಿದು ಹಾಲ್ ಖಾಲಿಯಿತ್ತು. ಅತ್ತೆ ಮಂಚದ ಮೇಲೆ ಕೂತು ಧಾರಾವಾಹಿ ನೋಡುತ್ತಿದ್ದರು. ಸೊಸೆ ಮಂಚದ ಪಕ್ಕದಲ್ಲೇ ಕಾರ್ಪೆಟ್ ಹರವಿ, ಕಾಲು ಮಡಚಿ ಕೂತಳು. "ಅಜ್ಜಿ, ನಾನು ಇವತ್ತು ಹೊರಗಾಗಿದ್ದೀನಿ. ಇದರ ಮೇಲೆ ಕೂತಿದ್ದೀನಿ" ಎಂದು ನೇರವಾಗಿಯೇ ಹೇಳಿದಳು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ದೇವರನ್ನು ನೆನೆದೆ. ಈಗ ಕೂಗಾಟ ಶುರುವಾಗುತ್ತದೆ, ನಾಳೆಯೇ ಬಾಡಿಗೆ ಮನೆಗೆ ಗಂಟುಮೂಟೆ ಎಂದುಕೊಂಡೆ.

ಅತ್ತೆ ಟಿವಿಯಿಂದ ಕಣ್ಣು ತೆಗೆದು ಕಾರ್ಪೆಟ್ ನೋಡಿದರು. ಮಂಚದಿಂದ ಕಾಲು ಇಳಿಬಿಟ್ಟು ಹೆಬ್ಬೆರಳಿನಿಂದ ಅದರ ಅಂಚನ್ನು ಸವರಿದರು.

"ಉಣ್ಣೇದಾ?"

"ಹೂಂ ಅಜ್ಜಿ."

"ಆಗ್ಲಿ ಬುಡು. ಸೌಂಡ್ ವಸಿ ಜಾಸ್ತಿ ಮಾಡು, ಏನಂದ್ಲೋ ಕೇಳ್ನಿಲ್ಲ."

ಅಷ್ಟೇ. ಹುಡುಗಿ ರಿಮೋಟ್ ಎತ್ತಿಕೊಂಡಳು. ನನ್ನ ಕಡೆ ನೋಡಿ ನಕ್ಕಳು. ಬಾಡಿಗೆ ಮನೆಯ ಮಾತು ಆಮೇಲೆ ನಮ್ಮ ಮನೆಯಲ್ಲಿ ಬರಲಿಲ್ಲ. ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಇಲ್ಲ ಎನ್ನಲಾರೆ. ಆದರೆ ಅದಕ್ಕಿಂತ ಮೊದಲು ಸಿಟ್ಟು ಎದ್ದಿತು. ಆ ಹುಡುಗಿಯ ಮೇಲೂ ಎದ್ದಿತು ಎಂದು ಹೇಳಿಕೊಳ್ಳಲು ನಾಚಿಕೆ.

ಮಾರನೆಯ ದಿನ ಅವಳು ಶಾಲೆಗೆ ಹೋದ ಮೇಲೆ ಅತ್ತೆಗೆ ತಲೆ ಬಾಚುತ್ತ ಕೇಳಿಯೇಬಿಟ್ಟೆ. ಜಗಳಕ್ಕೆಂದು ಶುರುಮಾಡಿದ ಮಾತು, ಅಳು ಬಂದು ಸಣ್ಣದಾಯಿತು. "ಅತ್ತೆ, ಮೂವತ್ತು ವರ್ಸ ಗೋಣಿ ಮ್ಯಾಲೆ ಕೂತೆ. ಒಂದು ಕಂಬ್ಳಿ ಆಸ್ಕೊಂಡು ಒಳೀಕೆ ಬಾ ಅಂತ ನಂಗ್ಯಾಕೆ ಏಳ್ನಿಲ್ಲ ನೀವು?"

ಬಾಚಣಿಗೆಗೆ ಸಿಕ್ಕಿದ ಕೂದಲನ್ನು ನಾನು ಬಿಡಿಸುತ್ತಿದ್ದೆ.

"ನೀನು ಕೇಳ್ನಿಲ್ವಲ್ಲವ್ವ" ಎಂದರು. ಆಮೇಲೆ, ನನಗಲ್ಲ ಎಂಬಂತೆ, "ನಾನೂ ನಮ್ಮತ್ತೇನ ಕೇಳ್ನಿಲ್ಲ. ಒಳ್ಳೇಳು ಕಣೆ ಅವ್ಳು. ಕೇಳಿದ್ರೆ ಊಂ ಅಂತಿದ್ಲೋ ಏನೋ" ಎಂದರು.

ನಾನು ಜಡೆ ಹೆಣೆದು ಮುಗಿಸಿದೆ.

ತಿಳಿ ಹಸಿರು ಕಾರ್ಪೆಟ್ ಈಗ ಹಾಲ್‌ನಲ್ಲೇ ಇರುತ್ತದೆ. ಸೊಸೆ ಅದರ ಮೇಲೆ ಕೂತು ಪೇಪರ್ ತಿದ್ದುತ್ತಾಳೆ, ಅತ್ತೆ ಮಧ್ಯಾಹ್ನ ಅದರ ಮೇಲೇ ಮಲಗುತ್ತಾರೆ. "ಬನ್ನಿ ಅತ್ತೆ, ಕೂತ್ಕೊಳ್ಳಿ" ಎಂದು ಹುಡುಗಿ ದಿನಾ ಸರಿದು ಜಾಗ ಮಾಡುತ್ತಾಳೆ. ಕೆಳಗೆ ಕೂತರೆ ಏಳಲಾಗುವುದಿಲ್ಲ ಕಣವ್ವ ಎಂದು ನಾನು ಕುರ್ಚಿ ಎಳೆದುಕೊಳ್ಳುತ್ತೇನೆ. ಅವಳು ಅದನ್ನು ನಂಬಿದ್ದಾಳೆ.