ಅಧ್ಯಕ್ಷರ ತಿಥಿಗೆ ನಾಲ್ಕು ಒಳ್ಳೆಯ ಮಾತು

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಮೊದಲ ಫೋನು ಶಾಮಿಯಾನದವನಿಗೆ, ಎರಡನೆಯದು ನನಗೆ. ಮಿರ್ಲೆಯಿಂದ ಕೆ.ಆರ್. ನಗರದವರೆಗೆ ತಿಥಿಯ ದಿನ ಸತ್ತವರ ಬಗ್ಗೆ ಮಾತಾಡಲು ನಾನೇ ಆಗಬೇಕು. ಕನ್ನಡ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ದಕ್ಕಿದ ಉದ್ಯೋಗವಿದು. ಹೋದವರ ಹೆಸರೊಂದು ಗೊತ್ತಾದರೆ ಸಾಕು, ಉಳಿದದ್ದೆಲ್ಲ ನಾಲಿಗೆಯ ಮೇಲೆ ಸಿದ್ಧವಾಗಿರುತ್ತದೆ. ‘ಅಜಾತಶತ್ರು’ ಎಂದು ಶುರು, ‘ತುಂಬಲಾರದ ನಷ್ಟ’ ಎಂದು ಮುಕ್ತಾಯ. ನಡುವೆ ಎಲ್ಲೋ ಒಂದು ಕಡೆ ಗಂಟಲು ಕಟ್ಟಬೇಕು. ಅದೂ ಈಗ ಅಭ್ಯಾಸವಾಗಿದೆ. ಮನೆಯಲ್ಲಿ ಕಾಫಿಗೆ ಸಕ್ಕರೆ ಕಡಿಮೆಯಾಯಿತು ಎಂದು ಹೇಳುವಾಗಲೂ ನನ್ನ ದನಿ ಗದ್ಗದವಾಗುತ್ತದೆ ಎಂದು ಹೆಂಡತಿ ದೂರುತ್ತಾಳೆ.

ಇದೇನೂ ಹೊಸ ಕಸುಬಲ್ಲ. ಹಳೆಯ ಶಾಸನಗಳನ್ನು ಓದಿ ನೋಡಿ. ಪ್ರತಿಯೊಬ್ಬ ರಾಜನೂ ಸೂರ್ಯನಿಗಿಂತ ತೇಜಸ್ವಿ, ಸಮುದ್ರಕ್ಕಿಂತ ಗಂಭೀರ. ‘ಈತ ಮಹಾ ಕಿರಿಕಿರಿ ಮನುಷ್ಯ, ಪ್ರಜೆಗಳಿಗೆ ಸಾಕುಸಾಕಾಗಿತ್ತು’ ಎಂದು ಕಲ್ಲಿನ ಮೇಲೆ ಕೆತ್ತಿದ್ದನ್ನು ನಾನಂತೂ ಕಂಡಿಲ್ಲ. ಕೆತ್ತಿಸಿದವನು ರಾಜನೇ ಆದ್ದರಿಂದ ಕವಿಯ ಕೆಲಸ ಹಗುರವಾಗಿತ್ತು. ನನ್ನ ಕೆಲಸ ಹಗುರವಾಗಲಿಲ್ಲ, ಏಕೆಂದರೆ ನನಗೆ ಸಿಕ್ಕವರು ನಮ್ಮೂರಿನ ಅಧ್ಯಕ್ಷರು.

ಪಂಚಾಯ್ತಿ ಅಧ್ಯಕ್ಷಗಿರಿ ಹೋಗಿ ಎಷ್ಟೋ ಕಾಲವಾದರೂ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅಧಿಕಾರದಲ್ಲಿದ್ದಾಗ ವೋಟು ಹಾಕದ ಬೀದಿಗೆ ನೀರು ಬಿಡಿಸುತ್ತಿರಲಿಲ್ಲ. ಊರಿಗಿರುವ ಎರಡು ಬೀದಿಗಳಲ್ಲಿ ಯಾವುದು ಹಾಕಿಲ್ಲ ಎಂದು ಅನುಮಾನ ಬಂದರೆ ಎರಡಕ್ಕೂ ಬಂದ್. ಅದಕ್ಕೂ ಮಿಗಿಲಾದ ಅವರ ಸಾಧನೆ ಬಸ್ ನಿಲ್ದಾಣ. ನಮ್ಮ ಮೇಗಲ ಬೀದಿಗೊಂದು, ಕೆಳಗಲ ಬೀದಿಗೊಂದು ಇದ್ದ ನಿಲುಗಡೆಗಳನ್ನು ತೆಗೆಸಿ, ತಮ್ಮ ಮನೆಯ ಎದುರಿಗೆ ಒಂದೇ ಒಂದು ತಂಗುದಾಣ ಕಟ್ಟಿಸಿದರು. ಬಸ್ಸು ಹತ್ತಬೇಕಾದ ಪ್ರತಿಯೊಬ್ಬರೂ ಜಗಲಿಯ ಮೇಲೆ ಕುಳಿತ ಅವರಿಗೆ ಕೈ ಮುಗಿಯಬೇಕು, ಎಲ್ಲಿಗೆ, ಯಾಕೆ ಎಂಬುದಕ್ಕೆ ಉತ್ತರ ಕೊಡಬೇಕು. ಆಸ್ಪತ್ರೆಗೆ ಎಂದರೆ ಯಾವ ಕಾಯಿಲೆ ಎಂದೂ ಹೇಳಬೇಕು. ನನ್ನ ಮೂಲವ್ಯಾಧಿ ಊರಿಗೆಲ್ಲ ಗೊತ್ತಾದದ್ದು ಹಾಗೆ.

ಅವರು ಹೋದಾಗ ನೆಂಟರು ಫ್ಲೆಕ್ಸ್ ಮಾಡಿಸಿ ಆ ತಂಗುದಾಣಕ್ಕೇ ಕಟ್ಟಿದರು. ಕೊನೆಯ ಸಾಲು ಎಲ್ಲ ಫ್ಲೆಕ್ಸುಗಳಲ್ಲಿ ಇರುವಂಥದ್ದೇ: ‘ಮತ್ತೆ ಹುಟ್ಟಿ ಬನ್ನಿ’. ಇದನ್ನು ಕಂಡು ಕೆಳಗಲ ಬೀದಿಯ ಕಾಳಣ್ಣ, ಹಾಲಿನ ಡೈರಿಯವರು, ನನ್ನ ಬೀಗರೂ ಹೌದು, ಹಾಡುಹಗಲೇ ಏಣಿ ಹಾಕಿ ಆ ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿಬಿಟ್ಟರು.

“ಫೋಟೋ ಇರ್ಲಿ, ನಮಸ್ಕಾರನೂ ಇರ್ಲಿ. ಉಟ್ಟಿ ಬರೋದ್ ಮಾತ್ರ ಬ್ಯಾಡ. ಅಷ್ಟೊಂದ್ ಆಸೆ ಇದ್ರೆ ಪಕ್ಕದೂರಲ್ಲಿ ಉಟ್ಲಿ” ಎಂದರು. ಊರಿಗೆ ಊರೇ ತಲೆದೂಗಿತು.

ತಿಥಿಯ ಹಿಂದಿನ ದಿನ ಅಧ್ಯಕ್ಷರ ಹೆಂಡತಿ ದೇವೀರಮ್ಮ ನಮ್ಮ ಮನೆಗೆ ಬಂದರು. ಆಕೆಯ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ನೀರು ನಿಂತಾಗ ಹಿತ್ತಲ ಬಾಗಿಲಿನಿಂದ ಎಷ್ಟೋ ಮನೆಗಳಿಗೆ ಬಿಂದಿಗೆ ತುಂಬಿಸಿ ಕಳಿಸಿದಾಕೆ. ನಮ್ಮ ಕಡೆ ಒಂದು ಮನೆಯ ಮೇಲೆ ಸಿಟ್ಟಿದ್ದರೆ ಆ ಮನೆಯ ತಿಥಿಯಲ್ಲಿ ಉಣ್ಣುವುದಿಲ್ಲ. ಬಂದು, ಫೋಟೋಗೆ ಹೂ ಹಾಕಿ, ನಿಂತ ಕಾಲಲ್ಲೇ ಹೊರಟುಬಿಡುತ್ತಾರೆ. ಹಾಸಿದ ಎಲೆ ಹಾಗೇ ಉಳಿದರೆ ಆ ಮನೆಯವರು ಆಮೇಲೆ ಊರಲ್ಲಿ ತಲೆಯೆತ್ತಿ ಓಡಾಡುವುದು ಕಷ್ಟ.

“ಸುಳ್ ಏಳ್ಬೇಡಿ ಮೇಷ್ಟ್ರೇ” ಎಂದರು ದೇವೀರಮ್ಮ. “ಜನ ಕೂತ್ಕಂಡು ಉಣ್ಣಂಗೆ ಒಂದ್ ಮಾತಾಡಿ, ಸಾಕು.”

ಸುಳ್ಳು ಹೇಳಬೇಡಿ ಎಂದು ನನಗೆ ಯಾರೂ ಅದುವರೆಗೆ ಷರತ್ತು ಹಾಕಿರಲಿಲ್ಲ. ರಾತ್ರಿಯೆಲ್ಲ ಹುಡುಕಿದೆ. ಅಧ್ಯಕ್ಷರ ಬಗ್ಗೆ ನಿಜವೂ ಒಳ್ಳೆಯದೂ ಆದ ಒಂದು ಮಾತೂ ಹೊಳೆಯಲಿಲ್ಲ.

ಮರುದಿನ ಜನ ಬಂದರು, ಆದರೆ ತಂಗುದಾಣದವರೆಗೆ ಮಾತ್ರ. ಬಸ್ಸಿಗೆ ಕಾಯುತ್ತಿದ್ದೇವೆ ಎಂಬ ಮುಖ ಮಾಡಿಕೊಂಡು ಎರಡೂ ಬೀದಿಯವರು ಅಲ್ಲಿ ಗುಂಪುಗೂಡಿದ್ದರು. ಬಸ್ಸು ಬಂತು, ನಿಂತಿತು, ಹೋಯಿತು. ಒಬ್ಬರೂ ಹತ್ತಲಿಲ್ಲ. ಈಚೆ ಶಾಮಿಯಾನದಡಿ ಎಲೆ ಹಾಸಿತ್ತು, ಬಾಡಿನ ಸಾರು ಕುದಿಯುತ್ತಿತ್ತು. ದೇವೀರಮ್ಮ ಕಂಬ ಹಿಡಿದುಕೊಂಡು ರಸ್ತೆಯನ್ನೇ ನೋಡುತ್ತಿದ್ದರು.

ಮೈಕು ಕೈಗೆ ಬಂದದ್ದೇ ತಡ, ನಾಲಿಗೆ ತನ್ನ ಪಾಡಿಗೆ ತಾನು “ಅಜಾತಶತ್ರುಗಳಾದ” ಎಂದುಬಿಟ್ಟಿತು. ತಂಗುದಾಣದಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಆ ನಗುವಿನಲ್ಲಿ ಎದುರಿಗಿದ್ದವರನ್ನು ನೋಡುತ್ತೇನೆ, ಎರಡು ಬೀದಿಯವರೂ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ನಿಂತಿದ್ದಾರೆ. ರಾತ್ರಿಯೆಲ್ಲ ಹುಡುಕಿದ್ದು ಅಲ್ಲೇ ಇತ್ತು.

“ಆ ಮಾತು ಬುಡಿ” ಎಂದೆ. “ಈ ತಂಗುದಾಣ ಆಗೋಕೆ ಮುಂಚೆ ಕಾಳಣ್ಣೋರ ಮುಖ ನಾನು ಸರಿಯಾಗಿ ನೋಡಿರ್ಲಿಲ್ಲ. ಎರಡು ಬೀದಿಗೂ ಮಾತಿರ್ಲಿಲ್ಲ. ಇಲ್ಲಿ ಕೂತ್ಕೊಂಡು ಅಧ್ಯಕ್ಷರನ್ನ ಬಯ್ತಾ ಬಯ್ತಾ ನಾವಿಬ್ರು ಬೀಗರಾದ್ವಿ. ನನ್ನ ಮಗನ ಮದುವೆ ಮಾತು ಆ ಕಲ್ಲುಬೆಂಚಿನ ಮೇಲೆ ಆಯ್ತು. ಅವರು ನಮ್ಮನ್ನ ಕಾಡಿದ್ದು ನಿಜ. ಒಂದು ಮಾಡಿದ್ದೂ ಅವರೇ.”

ಇನ್ನೂ ಏನೋ ಹೇಳುವವನಿದ್ದೆ. ಅಷ್ಟರಲ್ಲಿ ಕಾಳಣ್ಣ ರಸ್ತೆ ದಾಟಿ ಬಂದು, ಅಭ್ಯಾಸಬಲದಿಂದ ಖಾಲಿ ಜಗಲಿಗೆ ಕೈ ಮುಗಿದು, ಮೊದಲ ಎಲೆಗೆ ಕುಳಿತರು. ಅವರ ಹಿಂದೆ ಊರು ಕುಳಿತಿತು. ದೇವೀರಮ್ಮ ತಾವೇ ಮುದ್ದೆ ಬಡಿಸಿದರು. ನನ್ನ ಎಲೆಗೆ ಎರಡು ಬಿತ್ತು. ಗೆದ್ದದ್ದು ನನ್ನ ಭಾಷಣವೋ ಸಾರಿನ ವಾಸನೆಯೋ ಎಂದು ನನಗೆ ಇವತ್ತಿಗೂ ಅನುಮಾನವಿದೆ.

ಅಲ್ಲಿಂದಾಚೆಗೆ ನಡೆದದ್ದನ್ನು ಹೇಳಲು ಸ್ವಲ್ಪ ನಾಚಿಕೆ. ಬಯ್ಯಲು ಯಾರೂ ಇಲ್ಲದೆ ತಂಗುದಾಣದಲ್ಲಿ ಮಾತು ಸಪ್ಪೆಯಾಯಿತು. ಮೇಗಲ ಬೀದಿಯವರು ನಿಲುಗಡೆ ನಮಗೆ ವಾಪಸ್ಸು ಬೇಕು ಎಂದರು, ಕೆಳಗಲವರು ನಮಗೆ ಎಂದರು. ಬೆಂಚಿನ ಆ ತುದಿಗೆ ಅವರು, ಈ ತುದಿಗೆ ನಾವು. ನಾನೂ ಕಾಳಣ್ಣನೂ ಮೊಮ್ಮಗಳ ನಾಮಕರಣದಲ್ಲಿ ಹವಾಮಾನದ ಬಗ್ಗೆ ಮಾತ್ರ ಮಾತಾಡಿದೆವು.

ಮೊನ್ನೆ ಅಧ್ಯಕ್ಷರ ವರ್ಷದ ತಿಥಿ ಹತ್ತಿರ ಬಂತು. ತಂಗುದಾಣದ ಬಳಿ ಹೋದರೆ, ಬಣ್ಣ ಮಾಸಿದ ಅದೇ ಫ್ಲೆಕ್ಸಿನೆದುರು ಕಾಳಣ್ಣ ಏಣಿ ಹತ್ತಿ, ಒದ್ದೆ ಬಟ್ಟೆಯಿಂದ ತಾವು ಅಂಟಿಸಿದ್ದ ಕಾಗದವನ್ನು ತಾವೇ ಉಜ್ಜಿ ತೆಗೆಯುತ್ತಿದ್ದರು. ‘ಮತ್ತೆ ಹುಟ್ಟಿ’ ಎಂಬಷ್ಟು ಹೊರಗೆ ಬಂದಿತ್ತು. ಏಣಿ ಅಲ್ಲಾಡುತ್ತಿತ್ತು. ಹೋಗಿ ಹಿಡಿದುಕೊಂಡೆ. ಪಕ್ಕದೂರಿನಲ್ಲಿ ಹುಟ್ಟಲಿ ಎಂದಿದ್ದಿರಲ್ಲ, ಅದೇನಾಯಿತು ಎಂದು ಕೇಳಿದೆ.

ಕಾಳಣ್ಣ ಉಜ್ಜುವುದನ್ನು ನಿಲ್ಲಿಸಲಿಲ್ಲ.

“ನಮ್ಮೋರ್ನ ಪಕ್ಕದೂರೋರ್ಗ್ ಯಾಕ್ ಕೊಡನ ಬುಡಿ, ಬೀಗ್ರೇ.”