ನಿಧಾನಕ್ಕನ ಹದಿನಾಲ್ಕು ಹಾಸಿಗೆ

ಅವಳಿಗೆ ನಿಧಾನಕ್ಕ ಅಂತ ಹೆಸರಿಟ್ಟ ಪುಣ್ಯಾತ್ಮರು ಯಾರೋ, ಕೆಲಸ ಬಿಟ್ಟು ಹೋಗಿ ಎಷ್ಟೋ ವರ್ಷವಾಯಿತು. ಹೆಸರು ಮಾತ್ರ ಅಂಟಿಕೊಂಡು ಉಳಿದಿದೆ. ಆ ದೊಡ್ಡ ಹೋಟೆಲಿನ ನಾಲ್ಕನೇ ಮಹಡಿಯಲ್ಲಿ ಅವಳದು ಹಾಸಿಗೆ ಹಾಸುವ ಕೆಲಸ. ಕೇಳುವುದಕ್ಕೆ ಇದೇನು ಮಹಾ ಅನ್ನಿಸುತ್ತದೆ. ಒಬ್ಬೊಬ್ಬರಿಗೆ ದಿನಕ್ಕೆ ಹದಿನಾಲ್ಕು ಕೋಣೆ, ಹದಿನಾಲ್ಕು ಹಾಸಿಗೆ, ಹಾಸಿಗೆಗೆ ನಾಲ್ಕು ಮೂಲೆ. ಐವತ್ತಾರು ಸಲ ಬಗ್ಗಬೇಕು, ಐವತ್ತಾರು ಸಲ ಏಳಬೇಕು. ಸ್ನಾನದ ಮನೆ ಉಜ್ಜುವುದು ಬೇರೆ. ನಂಬಿಕೆ ಇಲ್ಲದವರು ಮನೆಯಲ್ಲಿ ಒಂದೇ ಹಾಸಿಗೆಯನ್ನು ಹದಿನಾಲ್ಕು ಸಲ ಹಾಸಿ ನೋಡಲಿ, ಆಮೇಲೆ ಮಾತಾಡೋಣ.

ಐವತ್ತೆರಡು ವರ್ಷದ ನಿಧಾನಕ್ಕ ಈ ಐವತ್ತಾರರಲ್ಲಿ ಒಂದು ಸಲವೂ ಸೊಂಟ ಬಗ್ಗಿಸುತ್ತಿರಲಿಲ್ಲ, ಅದೇ ಅವಳ ವಿಶೇಷ. ಮೂಲೆ ಬಂದರೆ ಒಂದು ಮಂಡಿ ನೆಲಕ್ಕೆ ಊರಿ ಕೂರುವಳು, ಬೆನ್ನು ನೆಟ್ಟಗಿಟ್ಟುಕೊಂಡು ಹೊದಿಕೆಯ ಅಂಚನ್ನು ಹಾಸಿಗೆಯ ಕೆಳಗೆ ನೂಕುವಳು, ಮಂಚದ ಪಟ್ಟಿಗೆ ಕೈ ಕೊಟ್ಟು ಏಳುವಳು. ಮುಂದಿನ ಮೂಲೆಗೆ ಇನ್ನೊಂದು ಮಂಡಿ. ಹೊದಿಕೆ, ಟವಲು, ಸೋಪು ತುಂಬಿದ ತಳ್ಳುಗಾಡಿಯನ್ನು ಎಳೆದದ್ದು ಯಾರೂ ಕಂಡಿಲ್ಲ. ಯಾವಾಗಲೂ ಹಿಂದಿನಿಂದ ತಳ್ಳುವುದೇ. ಗಾಡಿಯ ಮೇಲೆ ಒಂದು ನೀರಿನ ಬಾಟಲಿ. ಕೋಣೆ ಮುಗಿಯಿತೋ, ನಾಲ್ಕು ಗುಟುಕು ನೀರು ಇಳಿಯಬೇಕು. ಇದೆಲ್ಲ ಸೇರಿ ಕೋಣೆಗೆ ಇಪ್ಪತ್ತೆರಡು ನಿಮಿಷ, ಬೆಳಗ್ಗೆ ಒಂಬತ್ತಕ್ಕೂ ಅಷ್ಟೇ, ಮಧ್ಯಾಹ್ನ ಎರಡಕ್ಕೂ ಅಷ್ಟೇ.

ಮನೆಯಲ್ಲೂ ಇದೇ ಕಥೆ. ಎಚ್ಚರವಾದ ತಕ್ಷಣ ಧಡಕ್ಕನೆ ಎದ್ದು ಕೂರುವ ಪದ್ಧತಿಯೇ ಇಲ್ಲ. ಮೊದಲು ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸಿ, ಕೈ ಊರಿ, ಆಮೇಲೆ ಮಹಾರಾಣಿ ಏಳಬೇಕು. ಹಲ್ಲುಜ್ಜುವಾಗ ಒಂಟಿಕಾಲಿನಲ್ಲಿ ನಿಲ್ಲುವಳು, ಮೇಲಿನ ಸಾಲಿಗೆ ಎಡಗಾಲು, ಕೆಳಗಿನ ಸಾಲಿಗೆ ಬಲಗಾಲು. ಆಮೇಲೆ ಚಾಪೆಯ ಮೇಲೆ ಹತ್ತು ನಿಮಿಷ ಬೆಕ್ಕಿನ ಹಾಗೆ ಮೈ ಮುರಿಯುವಳು. ಹೋಟೆಲಿಗೆ ಎರಡು ಸ್ಟಾಪ್ ಇರುವಾಗಲೇ ಬಸ್ಸಿಳಿದು ನಡೆಯುವಳು. ವರ್ಷಕ್ಕೊಮ್ಮೆ ಹುಟ್ಟಿದ ತಿಂಗಳಲ್ಲಿ ರಕ್ತದೊತ್ತಡ, ಸಕ್ಕರೆ ಎರಡನ್ನೂ ಪರೀಕ್ಷೆ ಮಾಡಿಸಿಕೊಂಡು ಬರುವಳು. ಗಂಡ ತಮಾಷೆಯ ಮನುಷ್ಯ. ನಮ್ಮ ಮನೆಯಾಕೆ ನಿಂತಿದ್ದಾಳೋ ಹಾರಿ ಹೋಗುವುದಕ್ಕೆ ತಯಾರಾಗಿದ್ದಾಳೋ ಗೊತ್ತಾಗುವುದಿಲ್ಲ ಅಂತ ಬಚ್ಚಲ ಬಾಗಿಲಲ್ಲಿ ಕಾಯುತ್ತಾ ಗೊಣಗುವನು. ಆದರೆ ಆ ಚಾಪೆಯನ್ನು ದಿನಾ ಹಾಸಿಡುವವನೂ ಅವನೇ. ಅದಕ್ಕೊಂದು ಕಾರಣವಿದೆ.

ಹತ್ತೊಂಬತ್ತು ವರ್ಷದ ಹಿಂದೆ ಇವಳನ್ನು ಯಾರೂ ನಿಧಾನಕ್ಕ ಅನ್ನುತ್ತಿರಲಿಲ್ಲ. ಆಗ ಇವಳ ಹೆಸರು ರೈಲು. ಹನ್ನೆರಡು ನಿಮಿಷಕ್ಕೆ ಒಂದು ಕೋಣೆ ಮುಗಿಸಿ, ಮಿಕ್ಕವರ ಮುಂದೆ ಕೈ ಬೀಸಿಕೊಂಡು ಓಡಾಡುತ್ತಿದ್ದಳು. ಒಂದು ದಿನ ಹಾಸಿಗೆಯ ಮೂಲೆಯನ್ನು ಎಳೆದೆತ್ತಿ ಸೊಂಟ ತಿರುಗಿಸಿದಾಗ ಒಳಗೆಲ್ಲೋ ಲಟಕ್ ಅಂದಿತು. ಅಮ್ಮಾ ಅಂತ ಒಂದು ಕೂಗು ತಾನಾಗಿಯೇ ಬಾಯಿಂದ ಬಿತ್ತು. ಮೂರು ತಿಂಗಳು ಮಲಗಿದಳು. ಬಲಗಾಲು ಹೆಬ್ಬೆರಳಿನವರೆಗೆ ಜೋಮು. ಆರು ವರ್ಷದ ಮಗಳು ಸ್ಟೂಲು ಹತ್ತಿ ಅಮ್ಮನ ತಲೆ ಬಾಚುತ್ತಿದ್ದಳು, ಗಂಡ ಚಪ್ಪಲಿಯ ಪಟ್ಟಿ ಹಾಕಿ ಬಿಚ್ಚುತ್ತಿದ್ದನು. ವ್ಯಾಯಾಮ ಕಲಿಸಲು ಬರುತ್ತಿದ್ದ ಡಾಕ್ಟರಮ್ಮ ಮಹಾ ಸಿಡುಕಿ. ಮಲಗಿದಷ್ಟೂ ಸೊಂಟ ಸೋಮಾರಿಯಾಗುತ್ತದೆ ಅಂತ ಗದರಿ ಗದರಿಯೇ ಇವಳನ್ನು ಏಳಿಸಿ ನಡೆಸಿದಳು. ಮೊದಲ ದಿನ ಬಾಗಿಲವರೆಗೆ, ಮರುದಿನ ಗೇಟಿನವರೆಗೆ. ಕೊನೆಯ ದಿನ ಅವಳು ಹೇಳಿಹೋದದ್ದು ಇಷ್ಟು: ಬಗ್ಗಿಸುವುದಿದ್ದರೆ ಮಂಡಿ ಬಗ್ಗಿಸು, ಒಂದೇ ಕಡೆ ಗಂಟೆಗಟ್ಟಲೆ ನಿಲ್ಲಬೇಡ, ನಿಂತೆಯೋ ನೋವು ವಾಪಸು ಬಂತು ಅಂತ ತಿಳಿ.

ಈ ಮಾತು ಯಾಕೆ ಮುಖ್ಯ ಅಂದರೆ, ಆ ಹೋಟೆಲಿಗೊಂದು ನೆಲಮಾಳಿಗೆ ಇತ್ತು. ಒಗೆದ ಬಟ್ಟೆ ಬಿಸಿಬಿಸಿಯಾಗಿ ಬಂದು ಬೀಳುವ ಜಾಗ. ಕಿಟಕಿ ಇಲ್ಲ. ಎಂಟು ಗಂಟೆ ಒಂದೇ ಮೇಜಿನ ಮುಂದೆ ನಿಂತು ಟವಲು ಮಡಚಬೇಕು. ಈಚೆಗೆ ಅಲ್ಲಿದ್ದ ಹೆಂಗಸು ಕೆಲಸ ಬಿಟ್ಟಳು, ಅದೇ ವಾರ ಹೊಸ ಮ್ಯಾನೇಜರ್ ಬಂದನು. ಕೊರಳಲ್ಲಿ ಸ್ಟಾಪ್‌ವಾಚು ನೇತುಹಾಕಿಕೊಂಡೇ ಹುಟ್ಟಿದವನ ಹಾಗೆ ಓಡಾಡುತ್ತಿದ್ದ ಅವನಿಗೆ ಎರಡೇ ದಿನದಲ್ಲಿ ಟಿಕ್‌ಟಿಕ್ ಅಂತ ಹೆಸರು ಬಿತ್ತು. ನಾಲ್ಕನೇ ಮಹಡಿಗೆ ಬಂದವನೇ ಅಲ್ಲಿ ಹಾಸಿಗೆ ಹಾಸುವ ಇಬ್ಬರದೂ ಮೊದಲ ಕೋಣೆಯ ಹೊತ್ತು ಅಳೆದನು. ನಿಧಾನಕ್ಕನದು ಇಪ್ಪತ್ತೆರಡು ನಿಮಿಷ, ಎದುರು ಸಾಲಿನವಳದು ಹದಿನೈದು. ಮುಗಿಯಿತಲ್ಲ, ಮುಂದಿನ ವಾರದಿಂದ ನೀವು ಕೆಳಗೆ ಅಂತ ನಿಧಾನಕ್ಕನಿಗೆ ಅಂದುಬಿಟ್ಟನು.

ಎದುರು ಸಾಲಿನವಳು ಬೇರೆ ಯಾರೂ ಅಲ್ಲ, ನಿಧಾನಕ್ಕನ ತಮ್ಮನ ಮಗಳು. ಇಪ್ಪತ್ತಾರು ವರ್ಷ. ಅತ್ತೆಯೇ ಕೈಹಿಡಿದು ಕರೆತಂದು ಸೇರಿಸಿದ ಹುಡುಗಿ. ಅವಳ ಓಟ ನೋಡಿ ಎಲ್ಲರೂ ಚಿಗರೆ ಅನ್ನುತ್ತಿದ್ದರು. ಬಗ್ಗಿದಳೆಂದರೆ ನಾಲ್ಕು ಮೂಲೆ ಮುಗಿಸಿಯೇ ತಲೆ ಎತ್ತುವಳು. ನೀರು ಕುಡಿದರೆ ಬಚ್ಚಲಿಗೆ ಹೋಗಬೇಕಾಗುತ್ತದೆ, ಹೊತ್ತು ಹಾಳು ಅಂತ ಮಧ್ಯಾಹ್ನದವರೆಗೆ ಬಾಯಿಗೆ ಹನಿ ನೀರು ಹಾಕುತ್ತಿರಲಿಲ್ಲ. ಒಂದು ವಾರದಿಂದ ಹುಡುಗಿ ಶೂ ಕಟ್ಟುವಾಗ ಕಾಲನ್ನು ಸ್ಟೂಲಿನ ಮೇಲಿಡುತ್ತಿದ್ದುದು ಅತ್ತೆಯ ಕಣ್ಣಿಗೆ ಬಿದ್ದಿತ್ತು. ಕೇಳಿದರೆ ಇಪ್ಪತ್ತಾರು ವರ್ಷದ ಸೊಂಟ ಅತ್ತೆ, ಕಬ್ಬಿಣ ಅಂತ ನಗುವಳು.

ನೆಲಮಾಳಿಗೆ ಅಂದಾಗ ನಿಧಾನಕ್ಕನಿಗೆ ಮೊದಲು ನೆನಪಾದದ್ದು ಡಾಕ್ಟರಮ್ಮನ ಮಾತು. ಅಲ್ಲಿ ಎಂಟು ಗಂಟೆ ನಿಂತರೆ ಎಂಟೇ ವಾರ, ಮತ್ತೆ ಗಂಡ ಚಪ್ಪಲಿ ಹಾಕಿಕೊಡಬೇಕು. ಹೆದರಿಕೆಯಾಯಿತು, ಅದನ್ನು ಮುಚ್ಚಿಡುವುದೇನು. ಆದರೂ ದನಿ ಏರಿಸಲಿಲ್ಲ.

"ಸಾರ್, ನೀವು ಮೊದಲನೇ ಕೋಣೆ ಅಳೆದ್ರಿ," ಅಂದಳು. "ಹದಿನಾಲ್ಕೂ ಅಳೀರಿ. ಆಮೇಲೂ ಕೆಳಗೆ ಹೋಗು ಅಂದ್ರೆ ಹೋಗ್ತೀನಿ."

ಟಿಕ್‌ಟಿಕ್‌ಗೆ ಅಳೆಯುವುದೆಂದರೆ ಹಬ್ಬ. ಗುರುವಾರ ಅಂತ ದಿನ ಗೊತ್ತುಮಾಡಿದನು. ಇಬ್ಬರಲ್ಲಿ ಕೊನೆಗೆ ಮುಗಿಸಿದವರು ನೆಲಮಾಳಿಗೆಗೆ. ಆ ಸಂಜೆ ಬಸ್ಸಿನಲ್ಲಿ ಚಿಗರೆ ಮೆಲ್ಲಗೆ, ನಾನು ಬೇಕಂತಲೇ ನಿಧಾನ ಮಾಡಿಬಿಡುತ್ತೇನೆ, ಕೆಳಗೆ ನಾನೇ ಹೋಗುತ್ತೇನೆ ಅಂದಳು. ಅತ್ತೆಗೆ ಕಣ್ಣು ತುಂಬಿತು, ಆದರೆ ಬಾಯಲ್ಲಿ ಬಂದದ್ದು ಬೈಗುಳ. ನಾಟಕ ಆಡಿದರೆ ಕಾಲು ಮುರಿಯುತ್ತೇನೆ, ನಿನ್ನ ಕೆಲಸ ನೀನು ಮಾಡು, ಮಂಡಿ ಊರಿ ಮಾಡು ಅಂದಳು. ಹುಡುಗಿ ಮೊದಲರ್ಧ ಕೇಳಿಸಿಕೊಂಡಳು, ಕೊನೆಯದನ್ನು ಬಿಟ್ಟಳು.

ಮುಂದೆ ಆದದ್ದು ತಿಳಿಯಬೇಕಾದರೆ ಹಾಸಿಗೆ ಹಾಸುವವರ ಒಂದು ಕಟ್ಟುಪಾಡು ಗೊತ್ತಿರಬೇಕು. ಕೈ ಹಾಕಿದ ಹಾಸಿಗೆಯನ್ನು ಅರ್ಧಕ್ಕೆ ಬಿಟ್ಟು ಕೋಣೆಯಿಂದ ಹೊರಗೆ ಕಾಲಿಡಬಾರದು. ಹೊಸಬರಿಗೆ ಮೊದಲ ದಿನವೇ ಇದನ್ನು ಹೇಳಿಕೊಡುತ್ತಾರೆ. ಬೆಂಕಿ ಬಿದ್ದರೂ ನಾಲ್ಕನೇ ಮೂಲೆ ಸಿಕ್ಕಿಸಿಯೇ ಓಡಬೇಕು ಅಂತ ತಮಾಷೆ ಬೇರೆ. ಅರ್ಧ ಹಾಸಿದ ಹಾಸಿಗೆ ಬಿಟ್ಟವಳು ಅನ್ನಿಸಿಕೊಳ್ಳುವುದು ಆ ಮಹಡಿಗಳಲ್ಲಿ ಕಳ್ಳಿ ಅನ್ನಿಸಿಕೊಂಡಷ್ಟೇ ಅವಮಾನ.

ಗುರುವಾರ ಒಂಬತ್ತಕ್ಕೆ ಟಿಕ್‌ಟಿಕ್ ಕಾರಿಡಾರಿನ ನಡುವೆ ಕುರ್ಚಿ ಹಾಕಿ ಕೂತನು, ತೊಡೆಯ ಮೇಲೆ ಹಾಳೆ, ಕೈಯಲ್ಲಿ ಸ್ಟಾಪ್‌ವಾಚು. ಚಿಗರೆ ಮೊದಲ ಕೋಣೆ ಹದಿನೈದಕ್ಕೆ ಮುಗಿಸಿ ಹೊರಬಿದ್ದಾಗ ಅತ್ತೆ ಇನ್ನೂ ಮೂರನೇ ಮೂಲೆಯಲ್ಲಿ ಮಂಡಿಯೂರಿ ಕೂತಿದ್ದಳು. ಐದನೇ ಕೋಣೆಯ ಹೊತ್ತಿಗೆ ಹುಡುಗಿ ಬಹಳ ಮುಂದೆ. ಕೆಳಗಿನ ಮಹಡಿಯವರು ಏನೋ ನೆಪ ಮಾಡಿಕೊಂಡು ಬಂದು ನೋಡಿ, ಲೊಚಗುಟ್ಟಿ ಹೋದರು. ನಿಧಾನಕ್ಕ ನೀರು ಕುಡಿದಳು, ಗಾಡಿ ತಳ್ಳಿದಳು.

ಆರನೆಯದಾದ ಮೇಲೆ ಹಾಳೆಯ ಮೇಲಿನ ಲೆಕ್ಕ ಬದಲಾಯಿತು. ಚಿಗರೆಯದು ಇಪ್ಪತ್ತಮೂರು, ಇಪ್ಪತ್ತೈದು, ಇಪ್ಪತ್ತೇಳು. ಅತ್ತೆಯದು ಇಪ್ಪತ್ತೆರಡು, ಇಪ್ಪತ್ತೆರಡು, ಇಪ್ಪತ್ತೆರಡು. ಟಿಕ್‌ಟಿಕ್ ಸ್ಟಾಪ್‌ವಾಚನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದನು. ಹನ್ನೊಂದನೇ ಕೋಣೆಯನ್ನು ಹುಡುಗಿ ಅರ್ಧ ಗಂಟೆ ತೆಗೆದುಕೊಂಡು ಮುಗಿಸಿದಾಗ ಅತ್ತೆ ಎದುರಿನ ಬಾಗಿಲಿಂದ ಹೊರಬರುತ್ತಿದ್ದಳು. ಹನ್ನೆರಡನೇ ಕೋಣೆಗೆ ಇಬ್ಬರೂ ಒಟ್ಟಿಗೇ ನುಗ್ಗಿದರು. ಹುಡುಗಿಯ ಮುಖ ಬಿಳಚಿಕೊಂಡಿತ್ತು. ನೀರು ಕುಡಿಯೇ ಅಂದರೆ ಕೇಳಲಿಲ್ಲ.

ನಿಧಾನಕ್ಕ ಹದಿಮೂರಕ್ಕೆ ಕೈ ಹಾಕಿದ್ದಳು. ಎರಡು ಮೂಲೆ ಆಗಿತ್ತು, ಎರಡು ಉಳಿದಿತ್ತು. ಗೆದ್ದೆ ಅನ್ನುವುದು ಅವಳಿಗೂ ಗೊತ್ತಾಗಿತ್ತು, ಖುಷಿಯೂ ಆಗಿತ್ತು. ಆಗ ಎದುರು ಕೋಣೆಯಿಂದ ಅಮ್ಮಾ ಅಂತ ಒಂದು ಕೂಗು ಕೇಳಿಸಿತು. ಜೋರು ಕೂಗೇನಲ್ಲ. ಆದರೆ ಅದು ಹತ್ತೊಂಬತ್ತು ವರ್ಷದ ಹಿಂದಿನ ಅವಳದೇ ಕೂಗು. ಹೊದಿಕೆ ಕೈಯಿಂದ ಜಾರಿತು. ನಿಧಾನಕ್ಕ ಓಡಿದಳು, ಆ ಹೆಸರು ಬಿದ್ದ ಮೇಲೆ ಅವಳು ಓಡಿದ್ದನ್ನು ಆ ಮಹಡಿ ಕಂಡದ್ದು ಅದೇ ಮೊದಲು.

ಚಿಗರೆ ಹಾಸಿಗೆಯ ಮೂಲೆ ಹಿಡಿದು ಬಗ್ಗಿದಲ್ಲೇ ಸಿಕ್ಕಿಕೊಂಡಿದ್ದಳು. ಹಿಂದೆಯೇ ಬಂದ ಮ್ಯಾನೇಜರ್ ತೋಳು ಹಿಡಿದು ಎತ್ತಲು ಹೋದನು. ನಿಧಾನಕ್ಕ ಅವನ ಕೈ ತಳ್ಳಿದಳು. ನೆಟ್ಟಗಾಗಬೇಡ ಕಂದಾ, ಹಾಗೇ ಮಂಡಿ ಬಗ್ಗಿಸಿ ಕೆಳಗೆ ಕೂತುಕೋ, ನಾನು ಹಿಡಿದಿದ್ದೇನೆ ಅಂತ ಒಂದೊಂದೇ ಹೇಳಿ ನೆಲಕ್ಕಿಳಿಸಿದಳು, ಅಂಗಾತ ಮಲಗಿಸಿದಳು, ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟಳು. ಕಾಲು ಜೋಮು ಹಿಡಿದಿದೆಯಾ, ಬೆರಳು ಆಡುತ್ತವೆಯಾ ಅಂತ ಕೇಳಿದಳು. ಬೆರಳು ಆಡುತ್ತಿದ್ದವು. ಉಸಿರು ಬಿಗಿಹಿಡಿದಿದ್ದ ಹುಡುಗಿ ಅತ್ತೆಯ ಜೊತೆಗೆ ಎಣಿಸಿ ಉಸಿರು ಬಿಡತೊಡಗಿದಳು. ನಡುವೆ ಒಮ್ಮೆ, ಹನ್ನೆರಡನೇದು ಒಂದೇ ಮೂಲೆ ಬಾಕಿ ಅತ್ತೆ, ಸಿಕ್ಕಿಸಿ ಬರಲಾ ಅಂದಳು. ಅತ್ತೆ ಭುಜ ಅದುಮಿ ಹಿಡಿದಳು.

"ನಿಮ್ಮ ಹದಿಮೂರನೇದು ಅರ್ಧ ಆಗಿದೆ," ಅಂದನು ಮ್ಯಾನೇಜರ್, ಅಭ್ಯಾಸ ಬಲ. "ಗಡಿಯಾರ ಓಡ್ತಾ ಇದೆ."

"ಓಡ್ಲಿ ಬಿಡಿ ಸಾರ್. ಅದಕ್ಕೆ ಸೊಂಟ ಇಲ್ಲ."

ಅವನು ಡಾಕ್ಟರಿಗೆ ಫೋನು ಮಾಡಲು ಹೋದನು. ಹುಡುಗಿಯನ್ನು ಆಸ್ಪತ್ರೆಗೆ ಹೋಗುವ ಗಾಡಿ ಹತ್ತಿಸಿ ಬಂದ ಮೇಲೆ ನಿಧಾನಕ್ಕ ಎರಡು ಮೂಲೆ ಸಿಕ್ಕಿಸಿದಳು, ಹದಿನಾಲ್ಕನೆಯದನ್ನೂ ಹಾಸಿದಳು, ಚಿಗರೆ ಬಿಟ್ಟದ್ದನ್ನೂ ಮುಗಿಸಿದಳು. ಅರ್ಧ ಹಾಸಿಗೆ ಬಿಟ್ಟವಳು ಅಂತ ಅಂದೇ ಸಂಜೆ ಎರಡನೇ ಮಹಡಿಯಲ್ಲಿ ಯಾರೋ ಮೂಗು ಮುರಿದರಂತೆ. ಮುರಿಯಲಿ.

ಮರುದಿನ ಮ್ಯಾನೇಜರ್ ಕರೆಸಿದನು. ಮೇಜಿನ ಮೇಲೆ ಹಾಳೆ ಇತ್ತು. ಹದಿಮೂರನೇ ಕೋಣೆಯ ಎದುರು ಎಪ್ಪತ್ತೊಂದು ನಿಮಿಷ ಅಂತ ಬರೆದಿದ್ದನು, ಅದನ್ನೇ ನೋಡುತ್ತಾ ಕೂತಿದ್ದನು. ಅದೊಂದನ್ನು ಬಿಟ್ಟರೂ ಲೆಕ್ಕಕ್ಕೆ ಬೇಕಾದ ಹದಿಮೂರು ಕೋಣೆ ಸಿಕ್ಕಿವೆ, ನೀವು ಮಹಡಿಯಲ್ಲೇ ಇರಿ, ಕೆಳಗೆ ಯಾರನ್ನು ಕಳಿಸಲಿ ಅಂತ ಅವಳನ್ನೇ ಕೇಳಿದನು. ಯಾರೂ ಇಡೀ ದಿನ ಬೇಡ, ಎಲ್ಲರೂ ಸರದಿಯಲ್ಲಿ ಎರಡೆರಡು ಗಂಟೆ ನಿಲ್ಲಲಿ, ನನ್ನ ಸರದಿಗೆ ನಾನೂ ಬರುತ್ತೇನೆ ಅಂದಳು. ಅವನು ಒಪ್ಪಿ, ಕುರ್ಚಿಯ ಕೈ ಹಿಡಿದು ಮುಲುಗುತ್ತಾ ಎದ್ದನು. ನಿಧಾನಕ್ಕ ಬಾಗಿಲಲ್ಲೇ ತಿರುಗಿ ನಿಂತು, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿ ಸಾರ್, ಸ್ಟಾಪ್‌ವಾಚು ಅದಕ್ಕೂ ಆಗುತ್ತದೆ ಅಂದು ಬಂದಳು.

ಐದನೇ ದಿನ ಸಂಜೆ ಅವಳು ತಮ್ಮನ ಮನೆಗೆ ಹೋದಾಗ ಚಿಗರೆ ಮಂಚದ ಮೇಲೆ ದಿಂಬಿಗೆ ಕಾಲಿಟ್ಟು ಮಲಗಿದ್ದಳು. ಪಕ್ಕದಲ್ಲಿ ತುಂಬಿದ ನೀರಿನ ಬಾಟಲಿ. ನರಕ್ಕೇನೂ ಆಗಿಲ್ಲ, ಎರಡು ವಾರ ಸಾಕು, ದಿನಾ ಸ್ವಲ್ಪ ನಡೆಯಬೇಕು ಅಂದಿದ್ದರು ಡಾಕ್ಟರು. ಹುಡುಗಿಗೆ ಆ ಮಾತಿನ ಮೇಲೆ ನಂಬಿಕೆ ಕುದುರಿರಲಿಲ್ಲ.

"ನಿಮಗೆ ಮೂರು ತಿಂಗಳು ಹಿಡೀತಲ್ಲ ಅತ್ತೆ. ನನಗೆ ಎರಡೇ ವಾರ ಹೇಗೆ? ಲಟಕ್ ಅನ್ನೋ ಸದ್ದು ಒಂದೇ ಅಲ್ವಾ?"

ನಿಧಾನಕ್ಕ ದಿಂಬು ಸರಿಮಾಡಿದಳು. ಲಟಕ್ ಅಂದ ಕಥೆಯನ್ನು ಅವಳು ಊರಿಗೆಲ್ಲ ಹೇಳಿದ್ದಳು. ಆಮೇಲಿನದನ್ನು ಗಂಡನಿಗೂ ಹೇಳಿರಲಿಲ್ಲ, ನಾಚಿಕೆಯಾಗುತ್ತಿತ್ತು.

"ನನಗೆ ಲಟಕ್ ಅಂದಿದ್ದು ಒಂಬತ್ತನೇ ಕೋಣೇಲಿ ಕಣೇ," ಅಂದಳು. "ಆಮೇಲೆ ಇನ್ನೂ ಐದು ಹಾಸಿದೆ."

ಹುಡುಗಿ ಅತ್ತೆಯ ಕಡೆ ಮುಖ ತಿರುಗಿಸಿದಳು.

"ನೀವು ಕೂಗಿದ್ದು ಯಾರಿಗೂ ಕೇಳಿಸಲಿಲ್ವಾ?"

"ಪಕ್ಕದ ಕೋಣೆಯವಳಿಗೆ ಕೇಳಿಸಿತ್ತು. ಅವಳ ಹಾಸಿಗೆ ಅರ್ಧ ಆಗಿತ್ತು, ಪಾಪ."

ಚಿಗರೆ ಪಕ್ಕಕ್ಕೆ ಹೊರಳಿ, ಕಾಲಿಳಿಸಿ, ಕೈ ಊರಿ ಎದ್ದಳು. ಇಬ್ಬರೂ ಬೀದಿಯ ಕೊನೆಯವರೆಗೆ ನಡೆದು ಬಂದರು. ಹುಡುಗಿ ಅತ್ತೆಯ ಕೈ ಹಿಡಿದುಕೊಂಡಿದ್ದಳು, ಅದು ಸೊಂಟದ ಆಸರೆಗಲ್ಲ.