ನಕ್ಷೆಯಲ್ಲಿದ್ದ ಬೆಟ್ಟ

ನಿಮ್ಮ ತಮ್ಮನ ಮೊದಲ ಮುಡಿಯನ್ನು ಊರ ಬೆಟ್ಟದ ಮೇಲಿನ ದೇವರಿಗೆ ಕೊಡುತ್ತೇನೆಂದು ನಿಮ್ಮ ತಾತ ಹರಕೆ ಹೊತ್ತಿದ್ದರು. ಅದು ತೀರುವ ಮೊದಲೇ ಹೋಗಿಬಿಟ್ಟರು. ನಾವು ಬೆಂಗಳೂರಿನ ಬಾಗಲಗುಂಟೆಗೆ ಬಂದು ಮೂವತ್ತು ವರ್ಷವಾಗಿತ್ತು, ಊರಲ್ಲಿ ನಮ್ಮವರು ಯಾರೂ ಉಳಿದಿರಲಿಲ್ಲ. ಅಲ್ಲಿರುವುದು ಬೆಟ್ಟಗಳ ಸಾಲು. ಯಾವ ಬೆಟ್ಟ ಎಂದು ಕೇಳಿದರೆ ನಾನು "ಆ ಬೆಟ್ಟ" ಎನ್ನುತ್ತಿದ್ದೆ, ಅಷ್ಟೆ.

ಪೀಣ್ಯದ ಕಾರ್ಖಾನೆಯಲ್ಲಿ ಡ್ರಾಯಿಂಗ್ ಕೆಲಸದಲ್ಲಿದ್ದ ನಿಮ್ಮಪ್ಪ, ಹಳೆಯ ಕಾಲದ ಸರ್ವೆ ನಕ್ಷೆಯೊಂದನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿ ತಂದರು. ಅದರ ತುಂಬ ಹೆಬ್ಬೆಟ್ಟಿನ ಗುರುತಿನಂಥ ಸುತ್ತುಗೆರೆಗಳು. ಗೆರೆ ಒತ್ತಾಗಿದ್ದರೆ ಕಡಿದಾದ ಏರು, ದೂರದೂರವಿದ್ದರೆ ಸಮತಟ್ಟು ಎಂದು ಹೇಳಿಕೊಟ್ಟು, ಬೆಟ್ಟಗಳ ಹೆಸರನ್ನು ಒಂದೊಂದಾಗಿ ಓದತೊಡಗಿದರು. ಒಂದು ಹೆಸರಿಗೆ ನಾನು ಸೆರಗೆಳೆದುಕೊಂಡು ತಲೆ ತಗ್ಗಿಸಿದೆ.

"ಅಯ್ಯೋ, ಅಪ್ಪನ ಹೆಸರು ಕಣ್ರೀ!" ನಿಮ್ಮಮ್ಮ ಬಿದ್ದು ಬಿದ್ದು ನಕ್ಕಳು. "ಅದಕ್ಕೇ ಅಮ್ಮ ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ!"

ಗಂಡನ ಹೆಸರನ್ನು ನಾನು ಒಮ್ಮೆಯೂ ಹೇಳಿದವಳಲ್ಲ. ಆದರೆ ಬೆರಳಿಗೆ ಆ ನಾಚಿಕೆ ಇರಲಿಲ್ಲ. ಚುಕ್ಕಿಗೆರೆಯ ಕಾಲುದಾರಿ ಹಿಡಿದು, ಬಾವಿ ದಾಟಿ, ಗೆರೆಗಳು ದೂರವಾದಲ್ಲಿ ನಿಂತಿತು. ನನ್ನ ಮಾವನಿಗೆ ಬುತ್ತಿ ಒಯ್ಯುವಾಗ ಕುಕ್ಕೆ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದ ಹಾಸುಬಂಡೆ! ನಾನು ಹುಟ್ಟುವ ಮೊದಲೇ ಯಾರೋ ಅದನ್ನು ಬರೆದಿಟ್ಟಿದ್ದರು.

ಮುಂದಿನ ಭಾನುವಾರ ಕಾರು ಮಾಡಿಕೊಂಡು ಹೊರಟೆವು. ಕೆರೆ ನಕ್ಷೆಯಲ್ಲಿದ್ದ ಕಡೆಯೇ ಇತ್ತು. ಬಾವಿಯೂ ಇತ್ತು. ತಿರುವು ದಾಟಿ ತಲೆ ಎತ್ತಿದರೆ, ಬೆಟ್ಟ ಇರಬೇಕಾದಲ್ಲಿ ಬರೀ ಆಕಾಶ. ಕೆಳಗೆ ಕಲ್ಲು ಕ್ವಾರಿಯ ಗುಂಡಿ, ಅದರ ತಳದಲ್ಲಿ ಹಸಿರು ನೀರು. ನಾನು ಗುಂಡಿಯ ಅಂಚಿನತ್ತ ನಡೆದೆ.

ಕಾವಲಿನವನು ಓಡಿ ಬಂದ. "ಅಂಚಿಗೆ ಓಗ್ಬ್ಯಾಡ ಅಜ್ಜಿ! ಏನ್ ಬೇಕಿತ್ತು ನಿಂಗೆ?"

ನನ್ನ ಬಾಯಿಂದ ಬೆಟ್ಟದ ಹೆಸರು ಹೊರಟುಬಿಟ್ಟಿತು, ಪೂರ್ತಿಯಾಗಿ, ಎಲ್ಲರೆದುರಿಗೆ. ನಿಮ್ಮಮ್ಮ ಗುಂಡಿ ನೋಡುವುದು ಬಿಟ್ಟು ನನ್ನನ್ನೇ ನೋಡಿದಳು.

"ಅಂಗಂತ ಯಾವ ಬೆಟ್ಟಾನೂ ಇಲ್ವಲ್ಲಜ್ಜಿ ಇಲ್ಲಿ," ಎಂದ ಅವನು. "ಆರು ವರ್ಸದಿಂದ ನಾನಿಲ್ಲೇ ಇವ್ನಿ."

ನಿಮ್ಮಪ್ಪ ನಕ್ಷೆ ಬಿಚ್ಚಿ ಅವನಿಗೆ ತೋರಿಸಲು ಹೋದರು. ನಾನು ಬೇಡವೆಂದೆ.

ಶಾಲೆಗೆ ಸೇರಿದರೂ ಅವನಿಗೇಕೆ ಜಡೆ ಎಂದು ತಮ್ಮನನ್ನು ಕಾಡಿಸುತ್ತೀರಲ್ಲ, ಇನ್ನು ಕಾಡಿಸಬೇಡಿ. ಆ ಮುಡಿಯನ್ನು ಎಲ್ಲಿ ಕೊಡಬೇಕೆಂದು ನನಗೆ ಇನ್ನೂ ತಿಳಿದಿಲ್ಲ.